ಸಿದ್ಧಕಟ್ಟೆಯ ಚಡಾವಿಗೆ ಎಂಥ ಸೈಕಲ್?

ಬಂಟ್ವಾಳ–ಮೂಡುಬಿದಿರೆ ದಾರಿಯಲ್ಲಿ ಸಿದ್ಧಕಟ್ಟೆ ಸಿಗುತ್ತದಲ್ಲ, ಅಲ್ಲಿಂದ ದಿನಾ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಬೇಕಾ? ಹಾಗಾದರೆ ಬಣ್ಣ ನೋಡುವ ಮೊದಲು ಹಲ್ಲು ಎಣಿಸಿ ಮಾರಾಯ್ರೆ. ಚೈನು ಕೂರುವ ಚಕ್ರದ ಹಲ್ಲು!

ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಇದ್ದರೆ, ಪೆಡಲ್ ಒಂದು ಸುತ್ತು ತುಳಿದಾಗ ಗಾಲಿ ಹತ್ತಿರ ಹತ್ತಿರ ಎರಡೂವರೆ ಸುತ್ತು ತಿರುಗುತ್ತದೆ. ಸಮತಟ್ಟಿನಲ್ಲಿ ಭಾರಿ ಖುಷಿ, ಚಡಾವಿನಲ್ಲಿ ಮಂಡಿನೋವು. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿಸಿದರೆ ಎರಡೇ ಸುತ್ತು. ವೇಗ ಸ್ವಲ್ಪ ಕಮ್ಮಿ, ಆದರೆ ಏರು ಹತ್ತುತ್ತದೆ. ಗೇರ್ ಸೈಕಲ್‌ಗೆ ದುಡ್ಡು ಸಾಲದವರಿಗೆ ಇದೇ ಅಗ್ಗದ ದಾರಿ. ಚೈನಿಗೆ ಒಂದೆರಡು ಕೊಂಡಿ ಜಾಸ್ತಿ ಬೇಕಾದೀತು, ಅಷ್ಟೆ.

ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್. ಒದ್ದೆ ಸ್ಟೀಲ್ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಜಾರುತ್ತದೆ. ಅಲ್ಯೂಮಿನಿಯಂ ರಿಮ್ ವಾಸಿ. ಡಿಸ್ಕ್ ಬ್ರೇಕ್ ಇನ್ನೂ ಒಳ್ಳೆಯದು. ಆದರೆ ಕಡಿಮೆ ಬೆಲೆಯ ಸೈಕಲ್‌ಗಳ ಮುಂದಿನ ಶಾಕ್ ಅಬ್ಸಾರ್ಬರ್ ನನಗೆ ಹಿಡಿಸುವುದಿಲ್ಲ: ತೂಕ ಜಾಸ್ತಿ, ತುಳಿದ ಶಕ್ತಿಯನ್ನೂ ಅದೇ ನುಂಗುತ್ತದೆ. ಆ ದುಡ್ಡಿಗೆ ಉದ್ದದ ಮಡ್‌ಗಾರ್ಡ್, ಕ್ಯಾರಿಯರ್, ಹಿಂದಕ್ಕೊಂದು ಕೆಂಪು ದೀಪ ಹಾಕಿಸಿ.

ಸೆಕೆಂಡ್ ಹ್ಯಾಂಡೂ ಆಗುತ್ತದೆ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಅಂಥದ್ದೊಂದು ಮನೆಯಲ್ಲೇ ಬಿದ್ದಿದ್ದರೆ ಮೊದಲು ಅದನ್ನು ಹೊರಗೆ ತೆಗೆಯಿರಿ. ಪೆಡಲ್ ಕೂರಿಸಿದ ತೋಳನ್ನು ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಲಟಪಟ ಅಂದರೆ ಬೇರಿಂಗ್ ಸವೆದಿದೆ, ಬದಲಾಯಿಸಬಹುದು. ಫ್ರೇಮಿನ ಬೆಸುಗೆ ಬಿರುಕು ಬಿಟ್ಟಿದ್ದರೆ ಮಾತ್ರ ಬೇಡವೇ ಬೇಡ, ಎಷ್ಟು ಕಮ್ಮಿಗೆ ಕೊಟ್ಟರೂ.