ಆರಂಭಿಕ ಪ್ರವೇಶದ ಆನ್‌ಲೈನ್ ಆಟಗಳ ಬೆಲೆ

ಆರಂಭಿಕ ಪ್ರವೇಶ ಎಂಬುದು ಇನ್ನೂ ನಿರ್ಮಾಣದ ಹಂತದಲ್ಲಿರುವ ವಿಡಿಯೋ ಆಟವನ್ನು, ಅದು ಪೂರ್ಣಗೊಳ್ಳುವ ಮೊದಲೇ ಆಟಗಾರರಿಗೆ ಮಾರುವ ಪದ್ಧತಿಯಾಗಿದೆ. 'ಅರ್ಲಿ ಆಕ್ಸೆಸ್' ಎಂಬ ಹೆಸರಿನಿಂದಲೇ ಇದು ಹೆಚ್ಚು ಪರಿಚಿತವಾಗಿದೆ. ಕೊಂಡವರು ಅಪೂರ್ಣ ಆಟವನ್ನು ಆಡುತ್ತಾರೆ, ದೋಷಗಳನ್ನು ತಿಳಿಸುತ್ತಾರೆ. ಬಂದ ಹಣದಿಂದ ತಯಾರಕರು ಕೆಲಸ ಮುಂದುವರಿಸುತ್ತಾರೆ. ಕೊಟ್ಟ ಬೆಲೆಗೆ ತಕ್ಕುದು ದೊರೆಯುತ್ತದೆಯೇ ಎಂಬ ಪ್ರಶ್ನೆ ಈ ಪದ್ಧತಿಯ ಜೊತೆಗೇ ಹುಟ್ಟಿದೆ. ಆಟವು ತಯಾರಕರ ಸರ್ವರನ್ನು ಅವಲಂಬಿಸಿರುವ ಆನ್‌ಲೈನ್ ಆಟವಾದಾಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಕೈಗೆ ಬಾರದ ವಸ್ತುವಿಗೆ ಮುಂಗಡ ಹಣ ಹೂಡುವುದು ಕೋಲಾರ ಜಿಲ್ಲೆಗೆ ಹೊಸದಲ್ಲ. ಇಲ್ಲಿನ ಚಿನ್ನದ ಗಣಿಗಳು ಆರಂಭವಾದದ್ದೂ ಅಂತಹ ಹಣದಿಂದಲೇ. ಆದುದರಿಂದ ಈ ಲೇಖನದಲ್ಲಿ ಎರಡನ್ನೂ ಹೋಲಿಸಲಾಗಿದೆ.

ಪದ್ಧತಿಯ ಬೆಳವಣಿಗೆ

ಅಪೂರ್ಣ ಆಟವನ್ನು ಬಹಿರಂಗವಾಗಿ ಮಾರಿ ಯಶಸ್ವಿಯಾದ ಮೊದಲ ಪ್ರಸಿದ್ಧ ಉದಾಹರಣೆ ಮೈನ್‌ಕ್ರಾಫ್ಟ್. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಅದರ ಪ್ರಾರಂಭಿಕ ಆವೃತ್ತಿಯನ್ನು ಕಡಿಮೆ ಬೆಲೆಗೆ ಮಾರತೊಡಗಿದರು. ಪೂರ್ಣ ಆವೃತ್ತಿ ಹೊರಬಂದದ್ದು 2011ರ ನವೆಂಬರ್‌ನಲ್ಲಿ. ಮೊದಲೇ ಕೊಂಡವರು ಕಡಿಮೆ ಹಣಕ್ಕೆ ಇಡೀ ಆಟವನ್ನು ಪಡೆದರು. ವಾಲ್ವ್ ಸಂಸ್ಥೆಯು 2013ರ ಮಾರ್ಚ್‌ನಲ್ಲಿ ತನ್ನ ಸ್ಟೀಮ್ ಮಳಿಗೆಯಲ್ಲಿ ಇದಕ್ಕಾಗಿಯೇ ಒಂದು ವಿಭಾಗವನ್ನು ತೆರೆದ ನಂತರ ಈ ಪದ್ಧತಿ ವ್ಯಾಪಕವಾಯಿತು. ಅಂತಹ ಪ್ರತಿಯೊಂದು ಆಟದ ಪುಟದಲ್ಲಿಯೂ ಒಂದು ಸೂಚನೆ ಇರುತ್ತದೆ: ಆಟವು ಮುಂದೆ ಬದಲಾಗಬಹುದು ಅಥವಾ ಬದಲಾಗದೆಯೇ ಉಳಿಯಬಹುದು, ಈಗಿರುವ ಸ್ಥಿತಿಯಲ್ಲಿ ಆಡಲು ಉತ್ಸಾಹವಿಲ್ಲದವರು ಕಾಯುವುದು ಲೇಸು. ಮಾರುವವರೇ ಬರೆದ ಈ ಎಚ್ಚರಿಕೆಯನ್ನು ಓದುವವರು ವಿರಳ.

ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದು ಬಗೆಯೂ ಇದೆ. ಪೂರ್ಣಗೊಂಡ ಆಟವನ್ನೇ ಹೆಚ್ಚು ಹಣ ತೆತ್ತವರಿಗೆ ಕೆಲವು ದಿನ ಮೊದಲು ತೆರೆಯುವ ಕ್ರಮಕ್ಕೂ ಆರಂಭಿಕ ಪ್ರವೇಶವೆಂಬ ಹೆಸರೇ ಬಳಕೆಯಲ್ಲಿದೆ. 2023ರ ಜೂನ್‌ನಲ್ಲಿ ಬಿಡುಗಡೆಯಾದ ಡಯಾಬ್ಲೊ 4 ಆಟದ ಸಾಮಾನ್ಯ ಆವೃತ್ತಿಗೆ 69.99 ಡಾಲರ್ ಇದ್ದರೆ, ನಾಲ್ಕು ದಿನ ಮೊದಲು ಪ್ರವೇಶ ನೀಡುವ ಡಿಲಕ್ಸ್ ಆವೃತ್ತಿಗೆ 89.99 ಡಾಲರ್ ಇತ್ತು. ಆಟದೊಳಗಿನ ಕೆಲವು ಅಲಂಕಾರಗಳನ್ನು ಬಿಟ್ಟರೆ ಈ 20 ಡಾಲರ್‌ಗೆ ಮುಖ್ಯವಾಗಿ ದೊರೆಯುವುದು ಕಾಯದಿರುವ ಅನುಕೂಲ. ಇಲ್ಲಿ ಅಪಾಯವೂ ಇಲ್ಲ, ತಯಾರಿಕೆಗೆ ನೆರವೂ ಇಲ್ಲ.

ಬೆಲೆಯ ಪ್ರಶ್ನೆ

ಆರಂಭಿಕ ಪ್ರವೇಶದ ಬೆಲೆ ಯಾವಾಗಲೂ ಅಂತಿಮ ಬೆಲೆಗಿಂತ ಕಡಿಮೆ ಇರುತ್ತದೆ ಎಂಬ ನಂಬಿಕೆ ಸರಿಯಲ್ಲ. ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯು ಬಾಲ್ಡರ್ಸ್ ಗೇಟ್ 3 ಆಟವನ್ನು 2020ರ ಅಕ್ಟೋಬರ್ 6ರಂದು ಪೂರ್ಣ ಬೆಲೆಗೇ, ಅಂದರೆ 59.99 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಆಗ ದೊರೆಯುತ್ತಿದ್ದುದು ಕಥೆಯ ಮೊದಲ ಅಂಕ ಮಾತ್ರ. ಆಟ ಪೂರ್ಣಗೊಂಡದ್ದು 2023ರ ಆಗಸ್ಟ್ 3ರಂದು. ಮೂರು ವರ್ಷ ಮೊದಲು ಕೊಂಡವರಿಗೂ ಬಿಡುಗಡೆಯ ದಿನ ಕೊಂಡವರಿಗೂ ಕೊನೆಗೆ ಸಿಕ್ಕದ್ದು ಒಂದೇ ಆಟ, ಒಂದೇ ಬೆಲೆಗೆ. ಡೇಝಡ್ ಆಟವು 2013ರ ಡಿಸೆಂಬರ್‌ನಿಂದ 2018ರ ಡಿಸೆಂಬರ್‌ವರೆಗೆ ಐದು ವರ್ಷ ಅಪೂರ್ಣ ಸ್ಥಿತಿಯಲ್ಲಿಯೇ ಇತ್ತು.

ಆನ್‌ಲೈನ್ ಆಟಗಳಲ್ಲಿ ಇನ್ನೆರಡು ಸಂಗತಿಗಳು ಸೇರಿಕೊಳ್ಳುತ್ತವೆ. ಮೊದಲನೆಯದು, ಹಣ ಕೊಟ್ಟು ಕೊಂಡ ಆಟ ಮುಂದೆ ಉಚಿತವಾಗಬಹುದು. ಪಬ್‌ಜಿ ಎಂದು ಖ್ಯಾತವಾದ ಆಟ 2017ರ ಮಾರ್ಚ್ 23ರಂದು ಆರಂಭಿಕ ಪ್ರವೇಶಕ್ಕೆ ಬಂದಾಗ ಅದರ ಬೆಲೆ 29.99 ಡಾಲರ್, ಭಾರತದ ಸ್ಟೀಮ್ ಮಳಿಗೆಯಲ್ಲಿ 999 ರೂಪಾಯಿ. 2022ರ ಜನವರಿಯಲ್ಲಿ ಅದನ್ನು ಎಲ್ಲರಿಗೂ ಉಚಿತಗೊಳಿಸಲಾಯಿತು. ಹಾಗೆಂದು ಮೊದಲು ಕೊಂಡವರು ಮೋಸಹೋದರು ಎನ್ನಲಾಗದು. ಸುಮಾರು ಐದು ವರ್ಷಗಳ ಆಟ ಅವರಿಗೆ ದೊರೆತಿತ್ತು, ಲಕ್ಷಾಂತರ ಎದುರಾಳಿಗಳೂ ಇದ್ದರು. ಆನ್‌ಲೈನ್ ಆಟದಲ್ಲಿ ಎದುರಾಳಿಗಳ ಸಂಖ್ಯೆಯೂ ಕೊಂಡ ವಸ್ತುವಿನ ಒಂದು ಭಾಗ. ಜನವಿಲ್ಲದ ಆನ್‌ಲೈನ್ ಆಟವು ಚೆನ್ನಾಗಿ ತಯಾರಾಗಿದ್ದರೂ ಆಡಲು ಬಾರದು.

ಎರಡನೆಯದು ಸರ್ವರ್. 'ದಿ ಡೇ ಬಿಫೋರ್' ಎಂಬ ಆಟವು 2023ರ ಡಿಸೆಂಬರ್ 7ರಂದು 39.99 ಡಾಲರ್ ಬೆಲೆಗೆ ಆರಂಭಿಕ ಪ್ರವೇಶಕ್ಕೆ ಬಂದಿತು. ಅದಕ್ಕೆ ಮೊದಲು ಸ್ಟೀಮ್‌ನಲ್ಲಿ ಅತಿ ಹೆಚ್ಚು ಜನರು ನಿರೀಕ್ಷಿಸುತ್ತಿದ್ದ ಆಟಗಳಲ್ಲಿ ಅದೂ ಒಂದಾಗಿತ್ತು. ನಾಲ್ಕೇ ದಿನಗಳಲ್ಲಿ ಅದರ ತಯಾರಕ ಸಂಸ್ಥೆ ಫ್ಯಾಂಟಾಸ್ಟಿಕ್ ತಾನು ಮುಚ್ಚುತ್ತಿರುವುದಾಗಿ ಘೋಷಿಸಿತು. 2024ರ ಜನವರಿ 22ರಂದು ಸರ್ವರ್‌ಗಳು ನಿಂತವು, ಅಲ್ಲಿಗೆ ಆಟವೂ ಇಲ್ಲವಾಯಿತು. ಕೊಂಡವರಿಗೆ ಹಣ ಮರಳಿ ದೊರೆಯಿತು ಎಂಬುದು ಇಲ್ಲಿನ ಒಂದೇ ಸಮಾಧಾನ.

ಇದಕ್ಕೆ ವಿರುದ್ಧವಾದ ಉದಾಹರಣೆ 2021ರ ಫೆಬ್ರವರಿಯಲ್ಲಿ ಆರಂಭಿಕ ಪ್ರವೇಶಕ್ಕೆ ಬಂದ ವಾಲ್ಹೈಮ್. ಐವರ ಪುಟ್ಟ ತಂಡ ರೂಪಿಸಿದ ಈ ಆಟದಲ್ಲಿ ಹತ್ತು ಜನರವರೆಗೆ ಜೊತೆಯಾಗಿ ಆಡಬಹುದು. ಆಟಗಾರರು ತಮ್ಮದೇ ಕಂಪ್ಯೂಟರಿನಲ್ಲಿ ಸರ್ವರನ್ನು ನಡೆಸಬಹುದು. ಒಬ್ಬರೇ ಆಡಲೂ ಬರುತ್ತದೆ. ತಯಾರಕರು ನಾಳೆ ಕೈಬಿಟ್ಟರೂ ಕೊಂಡದ್ದು ಕೊಂಡವರ ಬಳಿಯೇ ಉಳಿಯುತ್ತದೆ. ಬೆಲೆಯನ್ನು ತೂಗುವಾಗ ಪುಟದಲ್ಲಿರುವ ಭವಿಷ್ಯದ ಯೋಜನಾಪಟ್ಟಿಗಿಂತ ಈ ಒಂದು ಸೌಲಭ್ಯಕ್ಕೆ ಹೆಚ್ಚಿನ ತೂಕವಿದೆ.

ಕೋಲಾರದ ಗಣಿ ಷೇರುಗಳೊಂದಿಗೆ ಹೋಲಿಕೆ

ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಐರ್ಲೆಂಡ್ ಮೂಲದ ಮೈಕೇಲ್ ಲವೆಲ್ 1873ರಲ್ಲಿ ಕೋಲಾರ ಪ್ರದೇಶದಲ್ಲಿ ಗಣಿಗಾರಿಕೆ ನಡೆಸಲು ಮೈಸೂರು ಸರ್ಕಾರದ ಅನುಮತಿ ಕೋರಿದನು. ಹಕ್ಕು ದೊರೆತರೂ ಆಳಕ್ಕೆ ಅಗೆಯುವಷ್ಟು ಬಂಡವಾಳ ಅವನಲ್ಲಿರಲಿಲ್ಲ. ಹಕ್ಕು ಬೇರೆಯವರ ಕೈ ಸೇರಿತು. 1880ರಿಂದ ಲಂಡನ್ನಿನಲ್ಲಿ ಕಂಪನಿಗಳು ಸ್ಥಾಪನೆಯಾಗಿ ಷೇರುಗಳು ಮಾರಾಟವಾದವು. ಕೊಂಡವರಲ್ಲಿ ಹೆಚ್ಚಿನವರು ಈ ನೆಲವನ್ನು ಕಂಡವರಲ್ಲ. ಅವರ ಕೈಯಲ್ಲಿದ್ದುದು ಹಳೆಯ ಕಾಲದ ಅಗೆತದ ಗುಂಡಿಗಳ ವರ್ಣನೆ ಮತ್ತು ಭರವಸೆ ಮಾತ್ರ.

ಮೊದಲ ವರ್ಷಗಳಲ್ಲಿ ಚಿನ್ನ ಸಿಗಲಿಲ್ಲ, ಹಣ ಕರಗುತ್ತ ಬಂದಿತು. ಗಣಿಯನ್ನು ಮುಚ್ಚಿ ಉಳಿದ ಅಲ್ಪ ಬಂಡವಾಳವನ್ನು ಹಂಚಿಕೊಳ್ಳಬೇಕೆಂಬ ಮಾತು ಮೈಸೂರು ಕಂಪನಿಯ ಷೇರುದಾರರಲ್ಲಿ ಎದ್ದಿತು. ನಿರ್ವಹಣೆ ವಹಿಸಿಕೊಂಡಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಸಲಹೆಯಂತೆ ಕೆಲಸ ಮುಂದುವರಿಯಿತು. ಹಳೆಯ ಗುಂಡಿಗಳ ಕೆಳಗೆ ಇನ್ನೂ ಆಳಕ್ಕೆ ಇಳಿದಾಗ ಚಾಂಪಿಯನ್ ಎಂದು ಹೆಸರಾದ ಸಮೃದ್ಧ ಚಿನ್ನದ ಪದರ ದೊರೆಯಿತು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಈ ಗಣಿಗಳಿಂದ ಸುಮಾರು 800 ಟನ್ ಚಿನ್ನ ಹೊರಬಂದಿತು. 1894ರಲ್ಲಿ ಗಣಿಗೆ ರೈಲು ಬಂದಿತು. ಆ ಮಾರ್ಗ ಕವಲೊಡೆಯುವ ಬೌರಿಂಗ್‌ಪೇಟೆಗೆ ಇಂದು ಬಂಗಾರಪೇಟೆ ಎಂದು ಹೆಸರು.

ಇಷ್ಟನ್ನೇ ನೋಡಿದರೆ ಮುಂಗಡ ಹಣ ಹೂಡುವುದು ಜಾಣತನವೆಂದು ತೋರುತ್ತದೆ. ಆದರೆ ಅದೇ ಕಾಲದಲ್ಲಿ, ಅದೇ ಲಂಡನ್ ಪೇಟೆಯಲ್ಲಿ, ವಯನಾಡಿನ ಚಿನ್ನದ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದ್ದವು. ಇಂದಿನ ನೀಲಗಿರಿ ಜಿಲ್ಲೆಯ ಪಂದಲೂರು, ದೇವಾಲಗಳ ಸುತ್ತಮುತ್ತ ಯಂತ್ರಗಳು ಬಂದಿಳಿದವು, ಬಂಗಲೆಗಳೆದ್ದವು. ಹಾಕಿದ ಹಣಕ್ಕೆ ತಕ್ಕ ಚಿನ್ನ ಮಾತ್ರ ಸಿಗದೆ ಕೆಲವೇ ವರ್ಷಗಳಲ್ಲಿ ಎಲ್ಲವೂ ನೆಲಕಚ್ಚಿತು. ಕೊಳ್ಳುವ ದಿನ ಕೋಲಾರದ ಷೇರಿಗೂ ವಯನಾಡಿನ ಷೇರಿಗೂ ಕಾಗದದ ಮೇಲೆ ದೊಡ್ಡ ವ್ಯತ್ಯಾಸವಿರಲಿಲ್ಲ. ಉಳಿದವರ ಕಥೆ ಹೇಳಲ್ಪಡುತ್ತದೆ, ಅಳಿದವರದು ಮರೆತುಹೋಗುತ್ತದೆ. ಮೈನ್‌ಕ್ರಾಫ್ಟ್, ಪಬ್‌ಜಿಗಳನ್ನು ಮಾತ್ರ ನೆನೆದು ಆರಂಭಿಕ ಪ್ರವೇಶವನ್ನು ಅಳೆಯುವವರೂ ಇದೇ ತಪ್ಪನ್ನು ಮಾಡುತ್ತಾರೆ.

ಹೋಲಿಕೆ ಒಂದು ಮುಖ್ಯ ಸ್ಥಳದಲ್ಲಿ ಮುರಿಯುತ್ತದೆ. ಗಣಿಯಲ್ಲಿ ಚಿನ್ನ ದೊರೆತಾಗ ಷೇರುದಾರನಿಗೆ ಲಾಭಾಂಶ ಬಂದಿತು. ಆಟ ಗೆದ್ದಾಗ ಅದನ್ನು ಮೊದಲೇ ಕೊಂಡವನಿಗೆ ಲಾಭದಲ್ಲಿ ಪಾಲಿಲ್ಲ. ನಷ್ಟದ ಸಾಧ್ಯತೆ ಹೂಡಿಕೆದಾರನದು, ಪ್ರತಿಫಲ ಮಾತ್ರ ಸಾಮಾನ್ಯ ಗ್ರಾಹಕನದು. ಹೀಗಾಗಿ ಆರಂಭಿಕ ಪ್ರವೇಶದ ಆಟವನ್ನು ಹೂಡಿಕೆಯಾಗಿ ಎಣಿಸಲು ಆಧಾರವಿಲ್ಲ. ಇಂದು ಆಡಲು ಸಿಗುವ ಭಾಗಕ್ಕೆ ಆ ಬೆಲೆ ಸಲ್ಲುತ್ತದೆಯೇ ಎಂಬುದಷ್ಟೇ ಇಲ್ಲಿನ ಲೆಕ್ಕ.

ಕೆ.ಜಿ.ಎಫ್. ಹೆಸರಿನಲ್ಲಿಯೇ ಇಂತಹ ಒಂದು ಪ್ರಯತ್ನ ನಡೆದಿದೆ. 'ಕೆ.ಜಿ.ಎಫ್: ಚಾಪ್ಟರ್ 2' ಚಲನಚಿತ್ರ 2022ರ ಏಪ್ರಿಲ್ 14ರಂದು ತೆರೆಕಾಣುವ ಮೊದಲು, ಹೊಂಬಾಳೆ ಫಿಲ್ಮ್ಸ್ ಸಂಸ್ಥೆಯು ಕೆ.ಜಿ.ಎಫ್.ವರ್ಸ್ ಎಂಬ ಡಿಜಿಟಲ್ ಲೋಕವನ್ನು ಘೋಷಿಸಿ, ಅದರ ಸದಸ್ಯತ್ವಕ್ಕಾಗಿ ಎಲ್ ಡೊರಾಡೊ ಹೆಸರಿನ ಡಿಜಿಟಲ್ ಟೋಕನ್‌ಗಳನ್ನು ಮಾರಾಟಕ್ಕಿಟ್ಟಿತು. ಇದನ್ನು ಕಟ್ಟುನಿಟ್ಟಾಗಿ ಆರಂಭಿಕ ಪ್ರವೇಶವೆನ್ನಲು ಬಾರದಾದರೂ, ಮುಂದೆ ಬೆಳೆಯಲಿರುವ ಲೋಕಕ್ಕೆ ಮೊದಲೇ ಬೆಲೆ ಕಟ್ಟುವ ತತ್ವ ಒಂದೇ. ಅದೇ ತಿಂಗಳ 1ರಿಂದ ಭಾರತದಲ್ಲಿ ಇಂತಹ ಡಿಜಿಟಲ್ ಸ್ವತ್ತುಗಳನ್ನು ಮಾರಿ ಬಂದ ಲಾಭದ ಮೇಲೆ ಶೇಕಡ 30ರ ಆದಾಯ ತೆರಿಗೆ ಜಾರಿಗೆ ಬಂದಿತ್ತು.

ಮೊಬೈಲ್ ಆಟಗಳು

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ನಂತರ ಕೆ.ಜಿ.ಎಫ್.ನ ಬಹಳಷ್ಟು ದುಡಿಯುವ ಜನರು ಮಾರಿಕುಪ್ಪಂ, ಬಂಗಾರಪೇಟೆ ಮಾರ್ಗದ ರೈಲುಗಳಲ್ಲಿ ದಿನವೂ ಬೆಂಗಳೂರಿಗೆ ಹೋಗಿಬರುತ್ತಾರೆ. ಇಂತಹ ದಿನಚರಿಯಲ್ಲಿ ಆಟದ ಸಾಧನವೆಂದರೆ ಕಂಪ್ಯೂಟರ್ ಅಲ್ಲ, ಮೊಬೈಲ್. ಮೊಬೈಲ್ ಆಟಗಳ ಆರಂಭಿಕ ಪ್ರವೇಶ ಸಾಮಾನ್ಯವಾಗಿ ಉಚಿತ. ಬೆಲೆ ಬೇರೆ ರೂಪದಲ್ಲಿ ಬರುತ್ತದೆ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ಆಟವನ್ನು ಭಾರತ ಸರ್ಕಾರ ನಿಷೇಧಿಸಿತು. ಅದರ ಬದಲಿಗೆ ಬಂದ ಬಿ.ಜಿ.ಎಂ.ಐ. ಆಟ 2021ರ ಜೂನ್ 17ರಂದು ಆಂಡ್ರಾಯ್ಡ್‌ನಲ್ಲಿ ಆರಂಭಿಕ ಪ್ರವೇಶಕ್ಕೆ ತೆರೆದು, ಜುಲೈ 2ರಂದು ಅಧಿಕೃತವಾಗಿ ಬಿಡುಗಡೆಯಾಯಿತು. ಹಳೆಯ ಆಟದಲ್ಲಿ ಹಣ ಕೊಟ್ಟು ಕೊಂಡ ಉಡುಪು, ಆಯುಧಗಳ ಅಲಂಕಾರಗಳನ್ನು ಹೊಸದಕ್ಕೆ ವರ್ಗಾಯಿಸಲು ಅವಕಾಶ ನೀಡಲಾಯಿತು. 2022ರ ಜುಲೈ 28ರಂದು ಈ ಆಟವನ್ನೂ ಆ್ಯಪ್ ಮಳಿಗೆಗಳಿಂದ ತೆಗೆಯಲಾಯಿತು. 2023ರ ಮೇ ತಿಂಗಳಲ್ಲಿ ಅದು ಮರಳಿತು. ಆಟದೊಳಗೆ ಕೊಂಡ ವಸ್ತು ಕೊಂಡವನ ಸ್ವತ್ತಲ್ಲ, ಸೇವೆ ಇರುವವರೆಗಿನ ಬಳಕೆಯ ಅನುಮತಿ ಮಾತ್ರ ಎಂಬುದು ಈ ಘಟನೆಗಳಿಂದ ಸ್ಪಷ್ಟವಾಗುತ್ತದೆ.

ಮರುಪಾವತಿ ಮತ್ತು ಕಾನೂನು

ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣ ಏನೇ ಇದ್ದರೂ ಹಣ ಮರಳಿ ಪಡೆಯಬಹುದು. ಆರಂಭಿಕ ಪ್ರವೇಶದ ಆಟಗಳಿಗೂ ಈ ನಿಯಮ ಅನ್ವಯಿಸುತ್ತದೆ. ಬಿಡುಗಡೆಗೆ ಮೊದಲಿನ ವಿಶೇಷ ಪ್ರವೇಶದಲ್ಲಿ ಆಡಿದ ಸಮಯವನ್ನೂ 2024ರ ಏಪ್ರಿಲ್‌ನಿಂದ ಈ ಎರಡು ಗಂಟೆಯ ಲೆಕ್ಕಕ್ಕೆ ಸೇರಿಸಲಾಗುತ್ತಿದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪರಿಷ್ಕರಣೆ ಕಾಣದ ಆರಂಭಿಕ ಪ್ರವೇಶದ ಆಟಗಳ ಪುಟದಲ್ಲಿ ಅದನ್ನು ತಿಳಿಸುವ ಸೂಚನೆ 2025ರಿಂದ ಕಾಣಿಸುತ್ತಿದೆ.

ಭಾರತದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಆನ್‌ಲೈನ್ ಖರೀದಿಗೂ ಡಿಜಿಟಲ್ ಉತ್ಪನ್ನಗಳಿಗೂ ಅನ್ವಯಿಸುತ್ತದೆ. ಅವಧಿ ಮುಗಿಯಲಿದೆ ಎಂಬ ಸುಳ್ಳು ಅವಸರ ಹುಟ್ಟಿಸಿ ಮಾರುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ದೂರುದಾರರು ತಾವು ವಾಸಿಸುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದಾದ್ದರಿಂದ, ಕೆ.ಜಿ.ಎಫ್. ಅಥವಾ ಬಂಗಾರಪೇಟೆಯ ನಿವಾಸಿಗಳಿಗೆ ಕೋಲಾರದ ಆಯೋಗವೇ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಮಾರಾಟಗಾರ ಸಂಸ್ಥೆ ಹೊರದೇಶದ್ದಾಗಿದ್ದರೆ ಆದೇಶವನ್ನು ಜಾರಿಗೊಳಿಸುವುದು ಕಷ್ಟ. ಕೆಲವು ನೂರು ರೂಪಾಯಿಯ ಆಟಕ್ಕೆ ಮಳಿಗೆಯ ಎರಡು ಗಂಟೆಯ ನಿಯಮವೇ ಹೆಚ್ಚು ಉಪಯುಕ್ತ. ಮೊದಲ ಸಂಜೆಯಲ್ಲಿಯೇ ಸರ್ವರ್ ಸಂಪರ್ಕ, ಎದುರಾಳಿಗಳ ಲಭ್ಯತೆ ಮತ್ತು ತಮ್ಮ ಕಂಪ್ಯೂಟರಿನಲ್ಲಿ ಆಟ ಸುಗಮವಾಗಿ ನಡೆಯುವುದೇ ಎಂಬುದನ್ನು ಆ ಎರಡು ಗಂಟೆಯೊಳಗೆ ಪರೀಕ್ಷಿಸಿಕೊಳ್ಳಬಹುದು. ಆಟವನ್ನು ಇಳಿಸಿಕೊಳ್ಳಲು ತಗಲುವ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ.