ನಿಮಗಿದು ಗೊತ್ತೆ? ಮಂಜು ಮುಸುಕಿದ ಗ್ರಹಗಳು
ಬ್ರಿಟನ್ನಿನ ಹಲೋ ಗೇಮ್ಸ್ ಸಂಸ್ಥೆ 2016ರಲ್ಲಿ ಹೊರತಂದ ‘ನೋ ಮ್ಯಾನ್ಸ್ ಸ್ಕೈ’ ವಿಡಿಯೊ ಗೇಮ್‌ನಲ್ಲಿ ಸುಮಾರು 1.84 ಲಕ್ಷ ಕೋಟಿ ಕೋಟಿ ಗ್ರಹಗಳಿವೆ!

● ಇವನ್ನು ಒಂದೊಂದಾಗಿ ಯಾರೂ ಚಿತ್ರಿಸಿಲ್ಲ. ಆಟಗಾರ ಹತ್ತಿರ ಬಂದಾಗ ಗಣಿತ ಸೂತ್ರಗಳೇ ಬೆಟ್ಟ, ಗಿಡ, ಪ್ರಾಣಿ, ಹವಾಮಾನವನ್ನು ರೂಪಿಸುತ್ತವೆ. ಒಂದು ಗ್ರಹಕ್ಕೆ ಈ ಸೂತ್ರಗಳು ಬಳಸುವ ಮೂಲ ಸಂಖ್ಯೆ ಸದಾ ಒಂದೇ ಆದ್ದರಿಂದ ಯಾರೇ ಹೋದರೂ ಕಾಣುವುದು ಅದೇ ಗ್ರಹ.

● ಮಂಜಿನ ಲೋಕ ನೋಡಬೇಕೆಂದರೆ ಜೌಗು ಗ್ರಹಗಳನ್ನು ಹುಡುಕಬೇಕು. ಇವು ಆಟಕ್ಕೆ ಸೇರಿದ್ದು 2020ರ ‘ಒರಿಜಿನ್ಸ್’ ಅಪ್‌ಡೇಟ್‌ನಲ್ಲಿ.

● ನಮ್ಮ ಸೌರಮಂಡಲದಲ್ಲೂ ಇಂಥ ಲೋಕವೊಂದಿದೆ: ಶನಿಯ ಉಪಗ್ರಹ ಟೈಟನ್. ದಟ್ಟ ಮಬ್ಬಿನಿಂದಾಗಿ 1980ರಲ್ಲಿ ವಾಯೇಜರ್-1ರ ಕ್ಯಾಮೆರಾಗೆ ಅದರ ನೆಲ ಕಾಣಲಿಲ್ಲ. 2005ರ ಜನವರಿ 14ರಂದು ಹೈಗನ್ಸ್ ನೌಕೆ ಅಲ್ಲಿಳಿದು ನೆಲದ ಚಿತ್ರ ಕಳುಹಿಸಿತು.