ಮನೆಪಾಠದಲ್ಲಿ ನಕ್ಷತ್ರಗಳು: ಮುಸ್ಲಿಂ ಮಕ್ಕಳ ಖಗೋಳ ಕಲಿಕೆಯ ಒಂದು ದಾರಿ

ಮಕ್ಕಳನ್ನು ಶಾಲೆಗೆ ಸೇರಿಸದೆ ತಂದೆತಾಯಿಯರೇ ಮನೆಯಲ್ಲಿ ಕಲಿಸುವುದಕ್ಕೆ ಅಮೆರಿಕದ 50 ರಾಜ್ಯಗಳಲ್ಲಿಯೂ ಬ್ರಿಟನ್ನಿನಲ್ಲಿಯೂ ಕಾನೂನಿನ ಅವಕಾಶವಿದ್ದು, ಅಲ್ಲಿ ನೆಲೆಸಿರುವ ಮುಸ್ಲಿಂ ಕುಟುಂಬಗಳಲ್ಲಿ ಕೆಲವು ಈ ಮನೆಶಾಲೆಯ ದಾರಿಯನ್ನು ಹಿಡಿದಿವೆ. ಧರ್ಮಪಾಠ ಒಂದು ಹೊತ್ತಿಗೆ, ವಿಜ್ಞಾನ ಇನ್ನೊಂದು ಹೊತ್ತಿಗೆ ಎಂದು ಹಂಚಿಹೋಗದೆ ಎರಡೂ ಒಟ್ಟಿಗೆ ನಡೆಯಲಿ ಎಂಬ ಅಪೇಕ್ಷೆ ಇದ್ದವರಿಗೆ ಹೆಚ್ಚು ಒಗ್ಗಿಬಂದಿರುವುದು ಘಟಕ ಪದ್ಧತಿ, ಅಂದರೆ ಒಂದೇ ವಿಷಯವನ್ನು ನಡುವಿಟ್ಟುಕೊಂಡು ಕೆಲವು ವಾರಗಳ ಕಾಲ ಗಣಿತ, ವಿಜ್ಞಾನ, ಇತಿಹಾಸ, ಭಾಷೆ, ಚಿತ್ರಕಲೆಗಳನ್ನೆಲ್ಲ ಅದರ ಸುತ್ತ ಕಲಿಸುವ ಕ್ರಮ. ಇಂಥ ಘಟಕಗಳಲ್ಲಿ ಹಲವು ಬಲವಂತದ ಜೋಡಣೆಗಳಾಗಿರುವುದುಂಟು. ನಕ್ಷತ್ರಗಳ ಘಟಕ ಹಾಗಾಗಬೇಕಿಲ್ಲ. ದಿನದ ಐದು ನಮಾಝ್‌ಗಳ ಹೊತ್ತು, ಅವುಗಳಲ್ಲಿ ಮುಖಮಾಡುವ ದಿಕ್ಕು, ರಂಜಾನ್ ತಿಂಗಳ ಆರಂಭ ಇವೆಲ್ಲವೂ ಆಕಾಶವನ್ನು ನೋಡಿಯೇ ನಿಶ್ಚಯವಾಗುತ್ತಿದ್ದವಾದ್ದರಿಂದ ಖಗೋಳದ ಲೆಕ್ಕ ಈ ಸಮುದಾಯದ ಬದುಕಿನೊಳಗೆ ಮೊದಲೇ ಇದೆ.

ಕುರ್‌ಆನಿನಲ್ಲಿ ನಕ್ಷತ್ರದ ಹೆಸರನ್ನೇ ಹೊತ್ತ ಅಧ್ಯಾಯವಿದೆ (53ನೆಯದಾದ ಅನ್ನಜ್ಮ್). 6ನೇ ಅಧ್ಯಾಯದ 97ನೇ ವಚನವು ನೆಲದಲ್ಲೂ ಕಡಲಲ್ಲೂ ಕತ್ತಲೆಯಲ್ಲಿ ದಾರಿ ತೋರುವ ಚಿಹ್ನೆಗಳಾಗಿ ನಕ್ಷತ್ರಗಳನ್ನು ಸ್ಮರಿಸುತ್ತದೆ. ಪಾಠವನ್ನು ಇಲ್ಲಿಂದ ಆರಂಭಿಸುವುದು ಸಹಜವೇ. ಆದರೆ ಇಲ್ಲಿಯೇ ಒಂದು ಜಾರುಬಂಡೆಯೂ ಇದೆ. 86ನೇ ಅಧ್ಯಾಯವಾದ ಅತ್ತಾರಿಖ್‌ನಲ್ಲಿ ಬರುವ, ಇರುಳಲ್ಲಿ ಕದ ತಟ್ಟುವ ನಕ್ಷತ್ರವೆಂದರೆ 1967ರಲ್ಲಿ ಜೋಸೆಲಿನ್ ಬೆಲ್ ಪತ್ತೆಹಚ್ಚಿದ ಪಲ್ಸಾರ್‌ಗಳೇ, ಅಂದರೆ ವೇಗವಾಗಿ ತಿರುಗುತ್ತ ನಿಯಮಿತವಾಗಿ ರೇಡಿಯೊ ಮಿಡಿತಗಳನ್ನು ಕಳುಹಿಸುವ ನಕ್ಷತ್ರಾವಶೇಷಗಳೇ ಎಂದು ಸಾಧಿಸುವ ಬರಹಗಳು ಬೇಕಾದಷ್ಟು ಸಿಗುತ್ತವೆ. ಮಗುವಿಗೆ ಇದು ರೋಚಕವೆನಿಸಿದರೂ ವಚನಕ್ಕೂ ವಿಜ್ಞಾನಕ್ಕೂ ಇದರಿಂದ ಉಪಕಾರವಾಗುವುದಿಲ್ಲ. ವಿಜ್ಞಾನ ತನ್ನ ವಿವರಣೆಯನ್ನು ತಿದ್ದಿಕೊಂಡ ದಿನ ವಚನದ ಅರ್ಥವನ್ನೂ ತಿದ್ದಬೇಕೇ ಎಂದು ಮಗು ಕೇಳಿದರೆ ಹಿರಿಯರ ಬಳಿ ಉತ್ತರವಿರುವುದಿಲ್ಲ. ವಚನವು ನೋಡು ಎಂದು ಪ್ರೇರೇಪಿಸುವುದಾದರೆ ನೋಡಲು ಹೊರಗೆ ಹೋಗುವುದೇ ಸರಿಯಾದ ಮುಂದಿನ ಹೆಜ್ಜೆ.

ಮೊದಲು ನೋಡಬೇಕಾದ ನಕ್ಷತ್ರ ಸೂರ್ಯ. ಅದನ್ನು ನೇರವಾಗಿ ನೋಡಬಾರದಾದ್ದರಿಂದ ಅದರ ನೆರಳನ್ನು ನೋಡಬೇಕು. ಸಮತಟ್ಟಾದ ತಾರಸಿಯ ಮೇಲೆ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಹತ್ತು ಹದಿನೈದು ನಿಮಿಷಗಳಿಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದರೆ ನೆರಳು ಕುಗ್ಗಿ, ಒಂದು ಹಂತದಲ್ಲಿ ಅತಿ ಚಿಕ್ಕದಾಗಿ, ಮತ್ತೆ ಬೆಳೆಯುವುದು ಕಾಣುತ್ತದೆ. ಸೂರ್ಯ ನೆತ್ತಿಯ ರೇಖೆಯನ್ನು ದಾಟಿದ ಮೇಲೆ, ಅಂದರೆ ನೆರಳು ಮರಳಿ ಬೆಳೆಯತೊಡಗಿದಾಗ, ನಡುಹಗಲಿನ ಝುಹರ್ ನಮಾಝಿನ ಹೊತ್ತು ಆರಂಭವಾಗುತ್ತದೆ. ಆ ಅತಿ ಚಿಕ್ಕ ನೆರಳಿನ ಉದ್ದಕ್ಕೆ ಕೋಲಿನ ಉದ್ದವನ್ನು ಕೂಡಿಸಿದಷ್ಟು ನೆರಳು ಬೆಳೆದಾಗ ಇಳಿಹೊತ್ತಿನ ನಮಾಝಾದ ಅಸರ್‌ನ ಹೊತ್ತು ಎಂಬುದು ಧರ್ಮನಿಯಮದ ಪಂಥಗಳಲ್ಲಿ ಒಂದಾದ ಶಾಫಿ ಪಂಥದ ಲೆಕ್ಕ. ಹನಫಿ ಪಂಥದಲ್ಲಿ ಕೂಡಿಸಬೇಕಾದುದು ಕೋಲಿನ ಉದ್ದದ ಎರಡರಷ್ಟು. ಭಟ್ಕಳದ ನವಾಯತರೂ ದಕ್ಷಿಣ ಕನ್ನಡದ ಬ್ಯಾರಿಗಳೂ ಶಾಫಿ ಪಂಥದವರು, ಕಲಬುರಗಿ ವಿಜಯಪುರಗಳ ಕಡೆ ಹೆಚ್ಚಿನವರು ಹನಫಿಗಳು. ಆದ್ದರಿಂದ ಕರಾವಳಿಯ ಮಗುವೂ ಬಯಲುಸೀಮೆಯ ಮಗುವೂ ಒಂದೇ ಉದ್ದದ ಕೋಲನ್ನು ನೆಟ್ಟು ಎರಡು ಬೇರೆ ಗಳಿಗೆಗಳನ್ನು ಗುರುತಿಸುತ್ತವೆ, ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಇರುತ್ತವೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳೇ ಇಲ್ಲವಾಗುತ್ತದೆ. ಆ ದಿನಗಳಲ್ಲಿ ಕೂಡಿಸುವ ಕೆಲಸವಿಲ್ಲ, ಶಾಫಿಗಳಿಗೆ ಕೋಲಿನ ಉದ್ದವೊಂದೇ, ಹನಫಿಗಳಿಗೆ ಅದರ ಎರಡರಷ್ಟೇ ಸಾಕು.

ಇದೇ ಕೋಲು ಕಿಬ್ಲಾವನ್ನೂ, ಅಂದರೆ ಮಕ್ಕಾದ ಕಾಬಾ ಇರುವ ದಿಕ್ಕನ್ನೂ ತೋರಬಲ್ಲದು. ಪ್ರತಿವರ್ಷ ಮೇ 28ರ ಮತ್ತು ಜುಲೈ 16ರ ಹೊತ್ತಿಗೆ ಸೂರ್ಯ ಕಾಬಾದ ನೆತ್ತಿಯ ಮೇಲೆ ಬರುತ್ತದೆ. ಭಾರತೀಯ ಕಾಲಮಾನದಲ್ಲಿ ಮೊದಲನೆಯದು ಸುಮಾರು ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ, ಎರಡನೆಯದು 2 ಗಂಟೆ 57 ನಿಮಿಷಕ್ಕೆ. ಆ ಕ್ಷಣದಲ್ಲಿ ಕೋಲಿನ ನೆರಳಿಗೆ ತೀರ ಎದುರಾದ ದಿಕ್ಕೇ ಕಿಬ್ಲಾ, ಅದು ಬೆಂಗಳೂರಿನಿಂದ ಪಶ್ಚಿಮಕ್ಕಿಂತ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿರುತ್ತದೆ. (ಜುಲೈನ ದಿನವನ್ನು ನಂಬಿ ಕೂರುವವರು ಮುಂಗಾರಿನ ಮೋಡವನ್ನು ಮರೆಯಬಾರದು.) ಅಮೆರಿಕದ ಬಹುಭಾಗದಲ್ಲಿ ಆ ಹೊತ್ತಿಗೆ ಇನ್ನೂ ಸೂರ್ಯೋದಯವೇ ಆಗಿರುವುದಿಲ್ಲವಾದ್ದರಿಂದ ಅಲ್ಲಿನ ಮನೆಶಾಲೆಗಳಲ್ಲಿ ಈ ಪ್ರಯೋಗ ನಡೆಯುವುದಿಲ್ಲ, ಆದರೆ ಅಲ್ಲಿನ ಮಕ್ಕಳಿಗೆ ಬೇರೊಂದು ಒಗಟು ಕಾದಿರುತ್ತದೆ. ಭೂಪಟದಲ್ಲಿ ಮಕ್ಕಾ ನ್ಯೂಯಾರ್ಕಿಗಿಂತ ದಕ್ಷಿಣದಲ್ಲಿದ್ದರೂ ಅಲ್ಲಿನ ಮಸೀದಿಗಳ ಕಿಬ್ಲಾ ಈಶಾನ್ಯಕ್ಕೆ ಏಕಿದೆ? ಭೂಗೋಳದ ಮೇಲೆ ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದಾಗ ಅದು ಮೊದಲು ಉತ್ತರಕ್ಕೆ ಬಾಗಿ ಹೊರಡುವುದನ್ನು ಕಂಡ ಮಗುವಿಗೆ ಗೋಳದ ಮೇಲಿನ ಅತಿ ಹತ್ತಿರದ ದಾರಿ ಎಂಬ ಕಲ್ಪನೆಯನ್ನು ಬೇರೆಯಾಗಿ ಬೋಧಿಸಬೇಕಿಲ್ಲ.

ರಾತ್ರಿಯ ಪಾಠಕ್ಕೆ ಧ್ರುವ ನಕ್ಷತ್ರ ತಕ್ಕ ಆರಂಭ. ಕ್ಷಿತಿಜದಿಂದ ಅದು ಎಷ್ಟು ಡಿಗ್ರಿ ಮೇಲಿದೆಯೋ ಆ ಊರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಲಂಡನ್ನಿನಲ್ಲಿ ಐವತ್ತೊಂದೂವರೆ ಡಿಗ್ರಿ ಎತ್ತರದಲ್ಲಿರುವ ಅದು ಬೆಂಗಳೂರಿನಲ್ಲಿ 13 ಡಿಗ್ರಿಗೆ ಇಳಿದಿರುತ್ತದೆ. ಕೋನಮಾಪಕಕ್ಕೆ ಭಾರದ ದಾರ ಕಟ್ಟಿ ಇದನ್ನು ಅಳೆಯಬಹುದು. ಅರಬ್ಬಿ ಸಮುದ್ರದ ನಾವಿಕರು ಬಳಸುತ್ತಿದ್ದ 'ಕಮಾಲ್' ಇನ್ನೂ ಸರಳ: ಆಯತಾಕಾರದ ಪುಟ್ಟ ಹಲಗೆ, ಅದರ ನಡುವಿನ ತೂತಿನಿಂದ ಹಾಯ್ದ ಗಂಟುಗಂಟಿನ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚು ಕ್ಷಿತಿಜಕ್ಕೂ ಮೇಲಂಚು ಧ್ರುವ ನಕ್ಷತ್ರಕ್ಕೂ ತಾಗುವಂತೆ ಹಿಡಿದಾಗ ಯಾವ ಗಂಟು ಹಲ್ಲಿಗೆ ಸಿಗುತ್ತದೋ ಅದು ಒಂದು ಬಂದರಿನ ಅಕ್ಷಾಂಶವನ್ನು ಸೂಚಿಸುತ್ತಿತ್ತು. ಹೊನ್ನಾವರ, ಭಟ್ಕಳಗಳಿಗೆ ಕುದುರೆಗಳನ್ನು ತುಂಬಿಕೊಂಡು ಹಡಗುಗಳು ಬರುತ್ತಿದ್ದ ಕಾಲವನ್ನು ಇತಿಹಾಸದ ಪಾಠದಲ್ಲಿ ಓದುವ ಮಗು, ರಟ್ಟಿನ ತುಂಡೊಂದರಿಂದ ತನ್ನದೇ ಕಮಾಲ್ ಮಾಡಿ ಊರಿನ ಗಂಟನ್ನು ಹಾಕಿಕೊಂಡರೆ ಆ ಓದಿಗೆ ಬೇರೆಯೇ ತೂಕ ಬರುತ್ತದೆ.

ಚಿತ್ರಕಲೆಗೂ ಇತಿಹಾಸಕ್ಕೂ ಸೇತುವಾಗುವವನು ಅಬ್ದುರ್ರಹಮಾನ್ ಅಲ್ ಸೂಫಿ (903–986). ಇಸ್ಫಹಾನಿನಲ್ಲಿ ಆಕಾಶವನ್ನು ವೀಕ್ಷಿಸಿ ಸುಮಾರು 964ರಲ್ಲಿ ಈತ ರಚಿಸಿದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ 48 ನಕ್ಷತ್ರಪುಂಜಗಳ ವರ್ಣನೆಯಿದ್ದು, ಪ್ರತಿಯೊಂದನ್ನೂ ಎರಡು ಬಾರಿ, ನೆಲದಿಂದ ಕಾಣುವಂತೆ ಒಮ್ಮೆ ಮತ್ತು ಆಕಾಶಗೋಳದ ಹೊರಗೆ ನಿಂತವರಿಗೆ ಕಾಣುವಂತೆ ಇನ್ನೊಮ್ಮೆ ಚಿತ್ರಿಸಲಾಗಿದೆ. ತೆಳುಕಾಗದದ ಮೇಲೆ ಮಹಾವ್ಯಾಧನನ್ನು ಬರೆದು, ಕಾಗದವನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದರೆ ಎಂಟು ವರ್ಷದ ಮಗುವೂ ಈ ವ್ಯತ್ಯಾಸವನ್ನು ಹಿಡಿಯಬಲ್ಲದು. ದೇವಯಾನಿ ಪುಂಜದಲ್ಲಿ ಆತ ಗುರುತಿಸಿದ ಪುಟ್ಟ ಮೋಡವು ನಮ್ಮ ಆಕಾಶಗಂಗೆಯ ಆಚೆಗಿನ ಇನ್ನೊಂದು ಗೆಲಾಕ್ಸಿ ಎಂಬುದು 20ನೇ ಶತಮಾನದಲ್ಲಷ್ಟೇ ಖಚಿತವಾಯಿತು. ಕೃತ್ತಿಕೆಯ ಹಿಂದೆಯೇ ಉದಯಿಸುವ ರೋಹಿಣಿಯನ್ನು ಅರಬ್ಬರು ಹಿಂಬಾಲಿಸುವವನೆಂದು ಕರೆದರು, ಅದೇ ಹೆಸರು ಅಲ್ಡೆಬರಾನ್ ಎಂಬ ರೂಪದಲ್ಲಿ ಇಂದಿನ ಪಟಗಳಲ್ಲಿದೆ.

ಮುಸ್ಲಿಂ ವಿಜ್ಞಾನಿಗಳ ಹೆಮ್ಮೆಯ ಪಟ್ಟಿಗಳನ್ನು ತಯಾರಿಸುವ ಉತ್ಸಾಹ ಇಲ್ಲಿ ಹೆಚ್ಚಾಗುವುದುಂಟು. ಹತ್ತನೇ ಶತಮಾನದ ಅಲೆಪ್ಪೊದಲ್ಲಿ ಅಸ್ಟ್ರೊಲೇಬ್, ಅಂದರೆ ನಕ್ಷತ್ರಗಳ ಎತ್ತರ ಅಳೆದು ಹೊತ್ತು ತಿಳಿಯುವ ಲೋಹದ ಉಪಕರಣ, ತಯಾರಿಸುತ್ತಿದ್ದ ಅಲ್ ಇಜ್ಲಿಯ್ಯಾ ಎಂಬ ಮಹಿಳೆ ಹೆಣ್ಣುಮಕ್ಕಳಿಗೆ ಪರಿಚಯಿಸಲೇಬೇಕಾದವಳು. ಆದರೆ ಆಕೆಯ ಬಗ್ಗೆ ಇಬ್ನ್ ಅಲ್ ನದೀಮನ ಗ್ರಂಥಸೂಚಿಯಲ್ಲಿ ಸಿಗುವುದು ಅತಿ ಚಿಕ್ಕ ಉಲ್ಲೇಖ, ಈಗ ಆಕೆಗೆ ಪ್ರಚಲಿತವಾಗಿರುವ ಮರಿಯಮ್ ಎಂಬ ಹೆಸರೂ ಅಲ್ಲಿಲ್ಲ. ಮಕ್ಕಳ ಪುಸ್ತಕಗಳಲ್ಲಿ ಕಾಣುವ ಆಕೆಯ ಸಾಹಸಗಾಥೆ ಆಮೇಲಿನವರ ಕಲ್ಪನೆ. ಎಷ್ಟು ಗೊತ್ತಿದೆ, ಎಷ್ಟು ಗೊತ್ತಿಲ್ಲ ಎಂಬುದನ್ನು ಬೇರ್ಪಡಿಸಲು ಹನ್ನೆರಡು ದಾಟಿದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗುವುದು ಕಷ್ಟ.

ಈ ಘಟಕದ ರೇಖಾಗಣಿತದಲ್ಲಿ ನಕ್ಷತ್ರವೆಂದರೆ ಎಂಟು ಮೂಲೆಯ ಆಕೃತಿ. ಕೈವಾರದಿಂದ ವೃತ್ತ ಎಳೆದು, ಅದರೊಳಗೆ ಒಂದು ಚೌಕವನ್ನೂ, ಅದನ್ನೇ 45 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕವನ್ನೂ ಬರೆದರೆ ಅದು ಮೂಡುತ್ತದೆ. 1656ರ ಹೊತ್ತಿಗೆ ಕಟ್ಟಿದ ವಿಜಯಪುರದ ಗೋಳಗುಮ್ಮಟದೊಳಗೆ ನಿಂತು ತಲೆಯೆತ್ತಿದವರಿಗೆ ಇದೇ ಆಕೃತಿ ಕಲ್ಲುಗಾರೆಯಲ್ಲಿ ಕಾಣುತ್ತದೆ. ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಬೇಕಾದುದರಿಂದ, ಹೀಗೆ ತಿರುಗಿಸಿದ ಎರಡು ಚೌಕಗಳ ರೇಖೆಗಳಲ್ಲಿ ಎಂಟು ಕಮಾನುಗಳನ್ನು ಒಂದನ್ನೊಂದು ಕತ್ತರಿಸುವಂತೆ ಎಬ್ಬಿಸಿ ಅದರ ಭಾರವನ್ನು ಗೋಡೆಗಳಿಗೆ ಇಳಿಸಿದ್ದಾರೆ. ಅಲಂಕಾರವೆಂದುಕೊಂಡಿದ್ದ ಚಿತ್ರ ಭಾರ ಹೊರುವ ಉಪಾಯವೂ ಹೌದೆಂಬುದು ಕಾಗದದ ಮೇಲೆ ಅದನ್ನು ಬರೆದುಬಂದ ಮಗುವಿಗೆ ಅಲ್ಲಿ ಮನದಟ್ಟಾಗುತ್ತದೆ.

ಜ್ಯೋತಿಷದ ಪ್ರಶ್ನೆಯನ್ನು ತಪ್ಪಿಸಲಾಗದು. ಪ್ರವಾದಿಯವರ ಮಗ ಇಬ್ರಾಹಿಂ ತೀರಿಕೊಂಡ ದಿನ ಸೂರ್ಯಗ್ರಹಣವಾಗಿ, ಜನ ಎರಡಕ್ಕೂ ನಂಟು ಕಲ್ಪಿಸಿದಾಗ, ಯಾರ ಹುಟ್ಟು ಸಾವಿಗೂ ಗ್ರಹಣವಾಗುವುದಿಲ್ಲವೆಂದು ಅವರು ತಿಳಿಸಿದ ಸಂಗತಿ ಹದೀಸ್‌ಗಳಲ್ಲಿ ದಾಖಲಾಗಿದೆ. ಗಣನೆಯ ಪ್ರಕಾರ ಆ ಗ್ರಹಣ 632ರ ಜನವರಿ 27ರದು. ಹಾಗೆಂದು ಮುಸ್ಲಿಂ ಆಸ್ಥಾನಗಳೆಲ್ಲ ಜ್ಯೋತಿಷವನ್ನು ದೂರವಿಟ್ಟಿದ್ದವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. 1570ರಲ್ಲಿ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಆದಿಲಶಾಹಿ ಆಸ್ಥಾನದಲ್ಲಿ ಸಿದ್ಧವಾಗಿ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ 'ನುಜೂಮ್ ಉಲ್ ಉಲೂಮ್' ಎಂಬ ಸಚಿತ್ರ ಹಸ್ತಪ್ರತಿಯಲ್ಲಿ ಗ್ರಹನಕ್ಷತ್ರಗಳ ಜೊತೆಗೆ ಫಲಭಾಗವೂ ಮಾಂತ್ರಿಕ ವಿಷಯಗಳೂ ಬೆರೆತಿವೆ. ಆಕಾಶ ವೀಕ್ಷಣೆಯ ಯತ್ನವೂ ನಡೆದಿತ್ತು: ಕಲಬುರಗಿಯಿಂದ ಆಳಿದ ಫಿರೋಜ್ ಶಹಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯವೊಂದನ್ನು ಆರಂಭಿಸಿದ್ದನೆಂದೂ, ಅದರ ಹೊಣೆ ಹೊತ್ತ ಹಕೀಮ್ ಹಸನ್ ಗೀಲಾನಿ ತೀರಿಕೊಂಡು ಕೆಲಸ ನಿಂತಿತೆಂದೂ ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಇದು ಸಮರ್‌ಖಂದಿನಲ್ಲಿ ಉಲುಗ್ ಬೇಗ್ ಸಾವಿರಕ್ಕೂ ಮಿಕ್ಕಿದ ನಕ್ಷತ್ರಗಳ ಪಟ್ಟಿಯನ್ನು 1437ರಲ್ಲಿ ಮುಗಿಸುವುದಕ್ಕೆ ಮೂರು ದಶಕ ಮುಂಚಿನ ಮಾತು.

ಕರ್ನಾಟಕದ ಬಹುಪಾಲು ಮುಸ್ಲಿಂ ಮಕ್ಕಳು ಹಗಲು ಶಾಲೆಗೂ ಬೆಳಿಗ್ಗೆಯೋ ಸಂಜೆಯೋ ಮದರಸಾಕ್ಕೂ ಹೋಗುವವರು. ಮನೆಶಾಲೆ ಅವರ ಪಾಲಿನದಲ್ಲ. ಆದರೂ ವಿಜ್ಞಾನದ ಮೇಷ್ಟ್ರಾಗಲಿ ಮದರಸಾದ ಉಸ್ತಾದರಾಗಲಿ ಪೂರ್ತಿಯಾಗಿ ಹೇಳಲಾಗದ ಈ ಪಾಠವನ್ನು ಮನೆಯಲ್ಲಿ ನಡೆಸಲು ಕೋಲು, ದಾರ, ರಟ್ಟು, ಕೈವಾರಗಳಿಗಿಂತ ಹೆಚ್ಚಿನದು ಬೇಕಾಗುವುದಿಲ್ಲ. ನೆರಳಿಲ್ಲದ ಏಪ್ರಿಲ್ ನಡುಹಗಲೂ ಕಿಬ್ಲಾ ತೋರುವ ಮೇ 28ರ ಮಧ್ಯಾಹ್ನವೂ ಸಾಮಾನ್ಯವಾಗಿ ಶಾಲೆಯ ಬೇಸಿಗೆ ರಜೆಯಲ್ಲೇ ಬೀಳುತ್ತವೆ. ಮಹಾವ್ಯಾಧ, ರೋಹಿಣಿಗಳನ್ನು ನೋಡಲು ಮಾತ್ರ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ತಿಳಿಯಾದ ರಾತ್ರಿಗಳಿಗಾಗಿ ಕಾಯಬೇಕು.